ಬೆನ್ನುಚೀಲದ ಭಾರ ಎಲ್ಲಿರಬೇಕು?

ಕಡಬ ತಾಲ್ಲೂಕಿನ ಕುಕ್ಕೆ ಸುಬ್ರಹ್ಮಣ್ಯದಿಂದ 1712 ಮೀಟರ್ ಎತ್ತರದ ಕುಮಾರಪರ್ವತಕ್ಕೆ ಚಾರಣ ಹೊರಟಿದ್ದೀರಾ? ಹಾಗಾದರೆ ಬೆನ್ನುಚೀಲವನ್ನು ಬಣ್ಣ ನೋಡಿ ಕೊಳ್ಳಬೇಡಿ.

10 ಕಿಲೋಗ್ರಾಂ ಹೊರೆಯ ಗುರುತ್ವ ಕೇಂದ್ರವು ಸೊಂಟದ ನೇರಕ್ಕಿಂತ 15 ಸೆಂಟಿಮೀಟರ್ ಹಿಂದಿದ್ದರೆ, ದೇಹವನ್ನು ಹಿಂದಕ್ಕೆ ವಾಲಿಸುವ ಭ್ರಾಮಕ ಸುಮಾರು 15 ನ್ಯೂಟನ್-ಮೀಟರ್. 30 ಸೆಂಟಿಮೀಟರ್ ಹಿಂದಿದ್ದರೆ ಅದರ ಎರಡರಷ್ಟು. ಸಮತೋಲನಕ್ಕಾಗಿ ನೀವು ಮುಂದಕ್ಕೆ ಬಾಗುತ್ತೀರಿ. ಬೆನ್ನಿನ ಸ್ನಾಯುಗಳು ದಣಿಯುತ್ತವೆ. ಆದ್ದರಿಂದ ಭಾರವಾದ ವಸ್ತುಗಳು ಬೆನ್ನಿಗೆ ತಾಗಿಕೊಂಡಿರಲಿ.

ಚೀಲದ ಉದ್ದ ನಿಮ್ಮ ಬೆನ್ನಿನ ಉದ್ದಕ್ಕೆ ಹೊಂದಬೇಕು. ಆಗ ಸೊಂಟಪಟ್ಟಿ ಸೊಂಟದ ಮೂಳೆಯ ಮೇಲೆ ಕುಳಿತು, ಹೆಗಲ ಮೇಲಿನ ಭಾರದ ಹೆಚ್ಚಿನ ಪಾಲನ್ನು ಕಾಲುಗಳಿಗೆ ದಾಟಿಸುತ್ತದೆ. ಸಡಿಲವಾದ ಚೀಲ ಇಳಿಜಾರಿನಲ್ಲಿ ಓಲಾಡಿ ಹೆಜ್ಜೆ ತಪ್ಪಿಸೀತು. ಅಂಗಡಿಯಲ್ಲಿ ಹೊರೆ ತುಂಬಿಯೇ ಹೊತ್ತು ನೋಡಿ.