ಕಲ್ಲಾದ ಶಂಖಕ್ಕೆ ಹೆಸರಿಡುವವರು

ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವುದನ್ನು ಕಂಡವರಿಗೆ ನವಸಾಗರದ ಹೊಗೆ ಮರೆಯುವುದಿಲ್ಲ. ಕಾದ ಪಾತ್ರೆಯೊಳಗೆ ಒಂದು ಚಿಟಿಕೆ ಉದುರಿಸಿ ಹತ್ತಿಯಿಂದ ಉಜ್ಜಿದರೆ ಬೆಳ್ಳನೆ ಹೊಗೆ ಭುಗ್ಗೆಂದು ಏಳುತ್ತದೆ, ಮೂಗು ಚುರ್ರೆನ್ನುತ್ತದೆ. ಅದೇ ನವಸಾಗರವನ್ನು, ಅಂದರೆ ಅಮೋನಿಯಂ ಕ್ಲೋರೈಡನ್ನು, ಪಳೆಯುಳಿಕೆಗಳ ಅಭ್ಯಾಸಿಗಳೂ ಕಾಯಿಸುತ್ತಾರೆ. ಅವರ ಮುಂದಿರುವುದು ಪಾತ್ರೆಯಲ್ಲ, ಕೋಟ್ಯಂತರ ವರ್ಷ ಹಿಂದೆ ಸತ್ತ ಕಡಲ ಬಸವನಹುಳುವಿನ ಚಿಪ್ಪು. ಚಿಪ್ಪಿಗೆ ಮೊದಲು ತೆಳ್ಳಗೆ ಕಪ್ಪು ಬಣ್ಣ ಬಳಿಯುತ್ತಾರೆ. ಆಮೇಲೆ ಗಾಜಿನ ಕೊಳವೆಯಲ್ಲಿ ನವಸಾಗರ ಕಾಯಿಸಿ, ಅದರ ಹೊಗೆ ಚಿಪ್ಪಿನ ಮೈಮೇಲೆ ಕೂರುವಂತೆ ಮೆಲ್ಲಗೆ ಊದುತ್ತಾರೆ. ಕಲೆ, ಮಾಸಲು, ಕಲ್ಲಿನ ಬಣ್ಣ ಎಲ್ಲ ಅಡಗಿ ಉಬ್ಬುತಗ್ಗು ಮಾತ್ರ ಎದ್ದು ಕಾಣುತ್ತದೆ. ಕೂದಲೆಳೆಯಂಥ ಗೆರೆಗೂ ನೆರಳು ಬರುತ್ತದೆ. ಫೋಟೊ ತೆಗೆದ ಮೇಲೆ ನೀರಲ್ಲಿ ತೊಳೆದರೆ ಆಯಿತು.

ಹೊಸ ಪ್ರಭೇದ ಪತ್ತೆಯಾಯಿತು ಎಂದು ಪತ್ರಿಕೆಯಲ್ಲಿ ಓದುವಾಗ, ಯಾರೋ ಬಗ್ಗಿ ಚಿಪ್ಪೊಂದನ್ನು ಎತ್ತಿಕೊಂಡರು, ನೋಡಿದೊಡನೆ ಅದು ಹೊಸದೆಂದು ಗೊತ್ತಾಯಿತು ಅನ್ನಿಸುತ್ತದೆ. ಎತ್ತಿಕೊಳ್ಳುವುದು ಒಂದು ಮಧ್ಯಾಹ್ನದ ಕೆಲಸ. ಅದನ್ನು ಹೊಸದು ಎನ್ನಬೇಕಾದರೆ ಈಗಾಗಲೇ ಹೆಸರು ಪಡೆದಿರುವ ಅದರ ನೆಂಟರಿಷ್ಟರನ್ನೆಲ್ಲ ಒಬ್ಬೊಬ್ಬರಾಗಿ ಕಂಡು, ಇದು ಅವರಾರೂ ಅಲ್ಲ ಎಂದು ತೋರಿಸಬೇಕು. ವರ್ಷಗಳು ಹಿಡಿಯುವುದು ಅಲ್ಲಿ.

ನಮಗೆ ಹತ್ತಿರದ ಉದಾಹರಣೆ ತಮಿಳುನಾಡಿನ ಅರಿಯಲೂರು, ಪೆರಂಬಲೂರು ಸೀಮೆ. (ಕರ್ನಾಟಕದ ನೆಲ ಬಹುಪಾಲು ಅದಕ್ಕಿಂತ ಎಷ್ಟೋ ಹಳೆಯ ಕಲ್ಲು. ಉತ್ತರದ ದಖ್ಖನ್ ಲಾವಾ ಪದರಗಳ ನಡುವೆ ಸಿಗುವ ಬಸವನಹುಳುಗಳು ಹೆಚ್ಚಾಗಿ ಕೆರೆಕುಂಟೆಯವು.) ಸುಮಾರು ಹತ್ತು ಕೋಟಿ ವರ್ಷಗಳ ಹಿಂದೆ ಅರಿಯಲೂರಿನ ಕಡೆ ಕಡಲು ನುಗ್ಗಿತ್ತು. ಏರುತ್ತ ಇಳಿಯುತ್ತ ಡೈನೊಸಾರ್‌ಗಳ ಕಾಲ ಮುಗಿಯುವವರೆಗೂ ಅದು ಅಲ್ಲೇ ಇತ್ತು. ಗರುಡಮಂಗಲಂ ಎಂಬಲ್ಲಿನ ಸುಣ್ಣಕಲ್ಲಿನಲ್ಲಿ ಚಿಪ್ಪುಗಳು ಎಷ್ಟು ಒತ್ತಾಗಿ ತುಂಬಿವೆಯೆಂದರೆ, ಅದನ್ನು ಉಜ್ಜಿ ಹೊಳಪು ಕೊಟ್ಟು ತಿರುಚಿನಾಪಳ್ಳಿ ಅಮೃತಶಿಲೆ ಎಂಬ ಹೆಸರಲ್ಲಿ ಅಲಂಕಾರದ ಸಾಮಾನು ಮಾಡುತ್ತಿದ್ದರು. ಕೇ ಮತ್ತು ಕನ್‌ಲಿಫ್ ಎಂಬಿಬ್ಬರು ಈ ಸೀಮೆಯಲ್ಲಿ ಆರಿಸಿದ ಪಳೆಯುಳಿಕೆಗಳನ್ನು ಎಡ್ವರ್ಡ್ ಫೋರ್ಬ್ಸ್ ಲಂಡನ್ನಿನಲ್ಲಿ ಪರೀಕ್ಷಿಸಿ 1846ರಲ್ಲಿ ಪ್ರಕಟಿಸಿದ. ಆದರೆ ಈ ಬಸವನಹುಳುಗಳ ದೊಡ್ಡ ದಫ್ತರ ಬರೆದವನು ಫರ್ಡಿನಾಂಡ್ ಸ್ಟೊಲಿಚ್ಕಾ.

ಮೊರಾವಿಯಾದಲ್ಲಿ 1838ರಲ್ಲಿ ಹುಟ್ಟಿ, ವಿಯೆನ್ನಾದಲ್ಲಿ ಓದಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಕೆಲಸಕ್ಕೆಂದು ಕಲ್ಕತ್ತೆಗೆ ಬಂದವನು ಆತ. ಅಮ್ಮೋನೈಟ್ ಎಂಬ ಅಳಿದುಹೋದ ಸುರುಳಿ ಚಿಪ್ಪಿನ ಕಡಲಜೀವಿಗಳ ಕೆಲಸ ಮುಗಿಸಿ, ಆ ಕಡಲಿದ್ದ ಕ್ರಿಟೇಶಿಯಸ್ ಕಾಲದ ದಕ್ಷಿಣ ಭಾರತದ ಬಸವನಹುಳುಗಳ ಸಂಪುಟವನ್ನು 1867-68ರಲ್ಲಿ ಹೊರತಂದಾಗ ಅವನಿಗೆ ಇನ್ನೂ ಮೂವತ್ತರ ಆಸುಪಾಸು. ಆಮೇಲೆ ಇಬ್ಬದಿ ಚಿಪ್ಪಿನ ಪ್ರಾಣಿಗಳದೊಂದು ಸಂಪುಟ, ಉಳಿದವುಗಳದು ಮತ್ತೊಂದು. ಮಧ್ಯ ಏಷ್ಯಾದ ಯಾರ್ಕಂದಿಗೆ ಹೋದ ತಂಡದೊಡನೆ ಹಿಂತಿರುಗುವಾಗ 1874ರಲ್ಲಿ ಲಡಾಖಿನ ಎತ್ತರದಲ್ಲಿ, ಮೂವತ್ತಾರನೆಯ ವಯಸ್ಸಿಗೆ ತೀರಿಕೊಂಡ. ಇವತ್ತು ಅರಿಯಲೂರಿನಲ್ಲಿ ಹೊಸ ಬಸವನಹುಳು ಸಿಕ್ಕಿದೆ ಎನ್ನುವ ಯಾರೇ ಆಗಲಿ ಮೊದಲು ಅವನ ಬಸವನಹುಳುಗಳ ಸಂಪುಟ ತೆರೆಯಲೇಬೇಕು. ನೂರೈವತ್ತು ವರ್ಷ ದಾಟಿದ ವಿಜ್ಞಾನದ ಪುಸ್ತಕವನ್ನು ಚರಿತ್ರೆಯ ಕುತೂಹಲಕ್ಕಲ್ಲದೆ ಕೆಲಸಕ್ಕೆಂದೇ ತೆರೆಯುವ ವಿದ್ಯೆಗಳು ಹೆಚ್ಚಿಲ್ಲ.

ಚಿಪ್ಪು ಚಿಪ್ಪಾಗಿಯೇ ಉಳಿದಿದ್ದರೆ ಅದು ಅದೃಷ್ಟ. ಬಸವನಹುಳುವಿನ ಚಿಪ್ಪು ಬಹುಮಟ್ಟಿಗೆ ಅರಗೊನೈಟ್ ಎಂಬ ಸುಣ್ಣದ ಖನಿಜದ್ದು, ಅದು ಬೇಗ ಕರಗುತ್ತದೆ. ಒಳಗೆ ತುಂಬಿಕೊಂಡ ಕೆಸರು ಕಲ್ಲಾಗಿ, ಮೇಲಿನ ಚಿಪ್ಪು ಕರಗಿಹೋದರೆ ಕೈಗೆ ಸಿಗುವುದು ಒಳಗಿನ ಅಚ್ಚು ಮಾತ್ರ. ಬೆಲ್ಲದಚ್ಚನ್ನು ನೋಡಿ ಅದನ್ನು ಹೊಯ್ದ ಮಣೆಯ ಹೊರಮೈ ಹೇಗಿತ್ತೆಂದು ಹೇಳಲು ಬರುತ್ತದೆಯೇ? ಹಿಂದಿನವರು ಇಂಥ ಅಚ್ಚುಗಳಿಗೂ ಧಾರಾಳವಾಗಿ ಹೆಸರು ಕೊಟ್ಟರು. ಆ ಹೆಸರುಗಳು ಯಾವ ಚಿಪ್ಪಿನವೆಂದು ಬಿಡಿಸುವ ತಲೆನೋವು ಈಗಿನವರದು. ಹೊರಮೈಯ ಗುರುತು ಸುತ್ತಲ ಕಲ್ಲಿನಲ್ಲಿ ಟೊಳ್ಳಾಗಿ ಉಳಿದಿದ್ದರೆ ದಾರಿಯಿದೆ: ಆ ಟೊಳ್ಳಿಗೆ ಸಿಲಿಕೋನ್ ರಬ್ಬರ್ ಸುರಿದು, ಗಟ್ಟಿಯಾದ ಮೇಲೆ ಎಳೆದು ತೆಗೆದರೆ ಕರಗಿಹೋದ ಚಿಪ್ಪು ಮತ್ತೆ ರೂಪ ತಳೆಯುತ್ತದೆ. ಎರಕದವರ ಯುಕ್ತಿಯೇ ಇದು. ಗಟ್ಟಿ ಕಲ್ಲಿಗೆ ಕಚ್ಚಿಕೊಂಡ ಚಿಪ್ಪನ್ನು ಸೂಜಿಯಿಂದ, ಸೂಕ್ಷ್ಮದರ್ಶಕದ ಕೆಳಗೆ, ಕಣಕಣ ಬಿಡಿಸಬೇಕು. ಆತುರಪಟ್ಟರೆ ಮೊದಲು ಮುರಿಯುವುದು ಬಾಯಿಯ ಅಂಚು. ಗುರುತು ಹಿಡಿಯಲು ಅತ್ಯಂತ ಬೇಕಾದ್ದೂ ಅದೇ.

ನೋಡುವುದು ಏನನ್ನು? ಒಟ್ಟು ಎತ್ತರ, ಅಗಲ, ತುದಿಯ ಕೋನ, ಕೊನೆಯ ಸುತ್ತು ಇಡೀ ಚಿಪ್ಪಿನಲ್ಲಿ ಎಷ್ಟು ಪಾಲು, ಸುತ್ತಿನ ಜೊತೆ ಹರಿಯುವ ಎಳೆಗಳೆಷ್ಟು, ಅವನ್ನು ಅಡ್ಡ ಕತ್ತರಿಸುವ ದಿಂಡುಗಳೆಷ್ಟು, ಬಾಯಿಯ ಆಕಾರ, ತುಟಿಯ ದಪ್ಪ, ಸುತ್ತುಗಳು ಬಳಸಿಕೊಂಡಿರುವ ನಡುಗಂಬದ ಮೇಲೆ ಮಡಿಕೆಗಳುಂಟೇ ಇಲ್ಲವೇ. ಒಣ ಪಟ್ಟಿಯಂತೆ ಕಂಡೀತು. ಅದರ ಬೆಲೆ ತಿಳಿಯಲು ಶಂಖದ ಅಂಗಡಿಗೆ ಹೋಗಬೇಕು.

ಮೊದಲು ಸುತ್ತಿನ ದಿಕ್ಕು. ವಿಜ್ಞಾನಿಗಳು ಚಿಪ್ಪಿನ ತುದಿಯನ್ನು ಮೇಲಕ್ಕೆ, ಬಾಯಿಯನ್ನು ತಮ್ಮ ಕಡೆಗೆ ಹಿಡಿದು ನೋಡುತ್ತಾರೆ. ಬಾಯಿ ಬಲಕ್ಕಿದ್ದರೆ ಅದು ಬಲಸುತ್ತು. ಈ ಲೆಕ್ಕದಲ್ಲಿ ನಮ್ಮ ದೇವರಮನೆಯ ಸಾಮಾನ್ಯ ಶಂಖವೆಲ್ಲ ಬಲಸುತ್ತು, ಜನ ದುಬಾರಿ ಬೆಲೆ ತೆತ್ತು ತರುವ ಬಲಮುರಿ ಶಂಖವೇ ಎಡಸುತ್ತು! ಜಗಳವೇನಿಲ್ಲ. ನಮ್ಮವರು ಶಂಖವನ್ನು ತುದಿ ಕೆಳಗಾಗಿ ಹಿಡಿಯುತ್ತಾರೆ, ಹಾಗೆ ತಿರುಗಿಸಿದಾಗ ಬಾಯಿ ಬಲಕ್ಕೆ ಬರುತ್ತದೆ, ಅಷ್ಟೆ. ಈ ದಿಕ್ಕಿನ ವಿಷಯದಲ್ಲಿ ದೊಡ್ಡವರೂ ಎಡವಿದ್ದುಂಟು. ಚಿತ್ರಕಾರ ರೆಂಬ್ರಾಂಟ್ 1650ರಲ್ಲಿ ಒಂದು ಕೋನ್ ಶಂಖವನ್ನು ತಾಮ್ರದ ತಗಡಿನಲ್ಲಿ ಕೊರೆದಾಗ, ಮುದ್ರಣದಲ್ಲಿ ಚಿತ್ರ ತಿರುಗುಮುರುಗಾಗುತ್ತದೆ ಎಂಬುದನ್ನು ಚಿಪ್ಪಿನ ವಿಷಯದಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವನ ಶಂಖ ಎಡಸುತ್ತಾಗಿಯೇ ಅಚ್ಚಾಯಿತು. ಸಹಿಯನ್ನು ಮಾತ್ರ ಸರಿಯಾಗಿ ಓದುವಂತೆ ಕೊರೆದಿದ್ದ.

ಬಲಮುರಿಯ ಹೆಸರಲ್ಲಿ ಮೋಸವೂ ನಡೆಯುತ್ತದೆ. ಅಮೆರಿಕದ ಕರಾವಳಿಯಲ್ಲಿ ಎಡಸುತ್ತೇ ಸಹಜವಾಗಿರುವ ಬೇರೊಂದು ಶಂಖವಿದೆ, ಅದನ್ನು ತಂದು ಮಾರುತ್ತಾರೆ. ಹೊರಗಿನಿಂದ ನೋಡಿದರೆ ಭಕ್ತರಿಗೆ ಗೊತ್ತಾಗದು. ಬಾಯೊಳಗೆ ಇಣುಕಿದರೆ, ನಿಜವಾದ ಶಂಖದ ನಡುಗಂಬದ ಮೇಲೆ ಮೂರು ನಾಲ್ಕು ಮಡಿಕೆಗಳು ಏಣಿನಂತೆ ಎದ್ದಿರುತ್ತವೆ, ಅಮೆರಿಕದ್ದರಲ್ಲಿ ಅವಿಲ್ಲ. ಯಾವ ಲಕ್ಷಣ ನೆಚ್ಚತಕ್ಕದ್ದು, ಯಾವುದು ಬರಿಯ ತೋರಿಕೆ ಎಂದು ತಿಳಿದಿರುವುದೇ ಈ ಕಸುಬಿನ ತಿರುಳು. ಪಳೆಯುಳಿಕೆಯ ಮೇಜಿನ ಮುಂದೆ ಕುಳಿತವರೂ ಅದನ್ನೇ ಮಾಡುತ್ತಾರೆ, ಮಾರುವವನಿಲ್ಲ ಅಷ್ಟೆ.

ನೆಚ್ಚತಕ್ಕ ಲಕ್ಷಣಗಳಲ್ಲಿ ನನಗೆ ಅತಿ ಸೋಜಿಗವೆನಿಸುವುದು ಚಿಪ್ಪಿನ ನೆತ್ತಿ. ಬಸವನಹುಳು ತನ್ನ ಹಳೆಯ ಮನೆಯನ್ನು ಬಿಟ್ಟು ಹೊಸದು ಕಟ್ಟುವುದಿಲ್ಲ, ಬಾಯಿಯ ಅಂಚಿಗೆ ಸೇರಿಸುತ್ತ ಹೋಗುತ್ತದೆ. ಹಾಗಾಗಿ ಮರಿಯಾಗಿದ್ದಾಗಿನ ಚಿಪ್ಪು ಮುದಿತನದಲ್ಲೂ ತುತ್ತತುದಿಯಲ್ಲಿ ಕೂತೇ ಇರುತ್ತದೆ, ಎಷ್ಟೋ ಸಲ ಒಂದು ಮಿಲಿಮೀಟರಿಗೂ ಕಡಿಮೆ ಅಳತೆಯಲ್ಲಿ. ಅದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ನೆತ್ತಿಯಲ್ಲಿ ಪುಟ್ಟಪುಟ್ಟ ಸುತ್ತುಗಳು ಹಲವಿದ್ದರೆ, ಮರಿ ಕಡಲ ನೀರಲ್ಲಿ ಬಹುಕಾಲ ತೇಲುತ್ತ, ತೇಲುವ ಸೂಕ್ಷ್ಮಜೀವಿಗಳನ್ನು ತಿನ್ನುತ್ತ ಬೆಳೆದಿತ್ತು ಎಂದರ್ಥ. ದಪ್ಪನೆಯ ಗುಂಡು ಸುತ್ತು ಒಂದೋ ಎರಡೋ ಇದ್ದರೆ, ತಾಯಿ ಕಟ್ಟಿಕೊಟ್ಟ ಬುತ್ತಿಯನ್ನು ಮೊಟ್ಟೆಯೊಳಗೇ ಉಂಡು, ದೂರ ಹೋಗದೆ ಅಲ್ಲೇ ನೆಲೆಸಿತ್ತು ಎಂದರ್ಥ. ಈ ನಂಟನ್ನು ಡೆನ್ಮಾರ್ಕಿನ ಗುನ್ನಾರ್ ಥೋರ್ಸನ್ 1950ರಲ್ಲಿ ಎತ್ತಿ ತೋರಿಸಿದರು. ಅದನ್ನೇ ಹಿಡಿದು ಥಾರ್ ಹ್ಯಾನ್ಸನ್ 1978ರಲ್ಲಿ ಅಮೆರಿಕದ ಪಳೆಯುಳಿಕೆಗಳನ್ನು ಪರಿಶೀಲಿಸಿ, ತೇಲುವ ಮರಿಗಳಿದ್ದ ಪ್ರಭೇದಗಳು ಭೂಮಿಯ ಮೇಲೆ ಹೆಚ್ಚು ಕಾಲ ಬಾಳಿದವು ಎಂದು ಕಂಡರು. ನೆತ್ತಿ ಸವೆದುಹೋದ ಚಿಪ್ಪು ಎಷ್ಟೇ ಚೆಂದವಿರಲಿ, ಈ ಕಥೆಯನ್ನು ಹೇಳಲಾರದು.

ಒಂದೇ ಚಿಪ್ಪು ಸಾಲದು ಎನ್ನುವುದಕ್ಕೂ ಕಾರಣವಿದೆ. ಒಂದೇ ಬಳ್ಳಿಯ ಕಾಯಿಗಳೂ ಒಂದೇ ತೆರನಾಗಿರುವುದಿಲ್ಲ. ಎಳೆಯದರ ತುಟಿ ತೆಳು, ಬೆಳೆದದ್ದರ ತುಟಿ ದಪ್ಪ. ಏಡಿಯ ಕೈಗೆ ಸಿಕ್ಕಿ ಮುರಿದು, ಬಸವನಹುಳು ತೇಪೆ ಹಾಕಿಕೊಂಡ ಜಾಗ ವಿಚಿತ್ರ ದಿಂಡಿನಂತೆ ಕಂಡು ಹೊಸಬರನ್ನು ಏಮಾರಿಸುತ್ತದೆ. ಅದಕ್ಕೇ ಹತ್ತಾರು ಚಿಪ್ಪುಗಳನ್ನು ಅಳೆದು, ಎಲ್ಲಿಯವರೆಗೆ ಒಂದೇ ಮನೆಯೊಳಗಿನ ವ್ಯತ್ಯಾಸ, ಎಲ್ಲಿಂದ ಬೇರೆ ಮನೆತನ ಎಂದು ಗೆರೆ ಎಳೆಯುವುದು. ಗೆರೆಯನ್ನು ಅವಸರದಲ್ಲಿ ಎಳೆದರೆ ಏನಾಗುತ್ತದೆ ಎಂಬುದಕ್ಕೆ ಯುರೋಪಿನ ಬಂಡೆಗಳ ಮೇಲೆ ಈಗಲೂ ಬದುಕಿರುವ ಲಿಟೊರಿನಾ ಸ್ಯಾಕ್ಸಟಿಲಿಸ್ ಸಾಕ್ಷಿ. ಬಣ್ಣ, ಆಕಾರ ಒಂದೊಂದು ಕಡೆ ಒಂದೊಂದು ಥರ ಇರುವ ಈ ಪುಟ್ಟ ಹುಳುವಿಗೆ 1792ರಿಂದ ಈಚೆಗೆ ಬೇರೆಬೇರೆಯವರು ಕೊಟ್ಟ ವೈಜ್ಞಾನಿಕ ಹೆಸರುಗಳು 113. ನಿಂತದ್ದು ಒಂದು.

ಬಣ್ಣವೆಂದರೆ, ಪಳೆಯುಳಿಕೆಯಲ್ಲಿ ಅದು ಸಾಮಾನ್ಯವಾಗಿ ಅಳಿಸಿಹೋಗಿರುತ್ತದೆ. ಬದುಕಿರುವ ಕೋನ್ ಶಂಖಗಳನ್ನು ಒಂದರಿಂದೊಂದು ಬೇರೆಮಾಡುವುದೇ ಬಹಳಮಟ್ಟಿಗೆ ಅವುಗಳ ಚುಕ್ಕಿ, ಪಟ್ಟೆ, ಬಲೆಯಂಥ ಗೆರೆಗಳಿಂದ. ಬಿಳಿಚಿಕೊಂಡ ಹಳೆಯ ಕೋನ್‌ಗಳ ಮುಂದೆ ಅಭ್ಯಾಸಿ ಕೈಕಟ್ಟಿ ಕೂರಬೇಕಾಗುತ್ತದೆ. ಹಾಗೆ ಕೂರದೆ ಜೊನಾಥನ್ ಹೆಂಡ್ರಿಕ್ಸ್ ಎಂಬ ಅಭ್ಯಾಸಿ ಡೊಮಿನಿಕನ್ ಗಣರಾಜ್ಯದ ಇಂಥ ಚಿಪ್ಪುಗಳನ್ನು ಕತ್ತಲೆಯಲ್ಲಿಟ್ಟು ನೇರಳಾತೀತ ಬೆಳಕು ಹಾಯಿಸಿದರು. ಸುಮಾರು 48ರಿಂದ 66 ಲಕ್ಷ ವರ್ಷ ಹಳೆಯವು ಅವು. ಹಿಂದೆ ಬಣ್ಣವಿದ್ದ ಜಾಗಗಳೆಲ್ಲ ಮಿಣಮಿಣ ಬೆಳಗಿದವು. ಆ ಚಿತ್ರವನ್ನು ಫೋಟೊದ ನೆಗೆಟಿವ್‌ನಂತೆ ತಿರುಗಿಸಿದರೆ, ಬದುಕಿದ್ದಾಗ ಚಿಪ್ಪಿನ ಮೇಲಿದ್ದ ಚಿತ್ತಾರ. ಅವರು 2015ರಲ್ಲಿ ಪ್ರಕಟಿಸಿದ 28 ಪ್ರಭೇದಗಳಲ್ಲಿ 13 ಹೊಸವು.

ಇಷ್ಟಾದ ಮೇಲೆ ಹೆಸರು. ಕುಲದ್ದೊಂದು, ಪ್ರಭೇದದ್ದೊಂದು ಎಂದು ಎರಡು ಪದದ ಹೆಸರಿಡುವ ಕ್ರಮವನ್ನು ನೆಲೆಗೊಳಿಸಿದ ಲಿನೇಯಸ್ 1758ರಲ್ಲಿ ತಂದ ಜೀವಿಪಟ್ಟಿಯ ಹತ್ತನೆಯ ಆವೃತ್ತಿಯಿಂದ ಪ್ರಾಣಿಗಳ ಹೆಸರುಗಳ ಲೆಕ್ಕ ಶುರುವಾಗುತ್ತದೆ. ಮೊದಲು ಇಟ್ಟ ಹೆಸರಿಗೇ ಹಕ್ಕು. ಒಂದೇ ಕುಲದಲ್ಲಿ ಅದೇ ಹೆಸರು ಎರಡನೆಯ ಸಲ ಬರಕೂಡದು. ಎರಡನೆಯ ಪದ ಗುಣವಾಚಕವಾಗಿದ್ದರೆ ಲ್ಯಾಟಿನ್ ವ್ಯಾಕರಣದಂತೆ ಕುಲದ ಹೆಸರಿನ ಲಿಂಗಕ್ಕೆ ಹೊಂದಬೇಕು. ಕೋನಸ್ ಪುಲ್ಲಿಂಗ, ಟರಿಟೆಲ್ಲಾ ಸ್ತ್ರೀಲಿಂಗ. ಗಂಡಸಿನ ನೆನಪಿಗಾದರೆ ಕೊನೆಯಲ್ಲಿ ಸಾಮಾನ್ಯವಾಗಿ 'ಇ', ಹೆಂಗಸಿನ ನೆನಪಿಗಾದರೆ 'ಏ', ಊರಿನ ಹೆಸರಾದರೆ 'ಎನ್ಸಿಸ್'. ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳಬಾರದೆಂದು ನಿಯಮವೇನೂ ಇಲ್ಲ, ಆದರೆ ಇಟ್ಟರೆ ಸಹೋದ್ಯೋಗಿಗಳು ನಗುತ್ತಾರೆ. ಹೆಸರಿಗಿಂತ ಮುಖ್ಯ, ಅದನ್ನು ಕಟ್ಟಿಹಾಕುವ ಒಂದು ಚಿಪ್ಪು. ಹೋಲೋಟೈಪ್ ಎನ್ನುತ್ತಾರೆ. 2000ದಿಂದ ಈಚೆಗೆ, ಹೆಸರಿಗೆ ಆಧಾರವಾದ ಮಾದರಿ ಯಾವುದು, ಅದನ್ನು ಎಲ್ಲಿ ಇಡಲಾಗುತ್ತದೆ ಎಂದು ಲೇಖನದಲ್ಲಿ ಸ್ಪಷ್ಟವಾಗಿ ಬರೆಯದಿದ್ದರೆ ಹೆಸರು ಸಲ್ಲುವುದಿಲ್ಲ. ನಾಳೆ ಯಾರಿಗಾದರೂ ಅನುಮಾನ ಬಂದರೆ ಅವರು ಬಂದು ನೋಡಬೇಕಾದ್ದು ಲೇಖಕನ ಮಾತನ್ನಲ್ಲ, ಆ ಚಿಪ್ಪನ್ನು.

ವರ್ಣನೆಯ ಭಾಷೆ ಕಡತದ ಭಾಷೆ. ಚಿಪ್ಪು ಚಿಕ್ಕದು, ನೀಳ, ಸುತ್ತುಗಳು ಎಂಟು, ಎಳೆಗಳು ಆರು, ಬಾಯಿ ಮೊಟ್ಟೆಯಾಕಾರ. ಕ್ರಿಯಾಪದವೇ ಇರುವುದಿಲ್ಲ. ಸುಂದರ ಎಂಬ ಪದ ಎಲ್ಲೂ ಬರುವುದಿಲ್ಲ, ಬರೆದವರಿಗೆ ಹಾಗೆ ಅನ್ನಿಸಿರುತ್ತದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆಮೇಲೆ ಬರುವ ಹೋಲಿಕೆಯ ಭಾಗವೇ ಉದ್ದ: ಇಂಥದ್ದಕ್ಕಿಂತ ಇದರ ದಿಂಡು ಹೆಚ್ಚು, ಇಂಥದ್ದಕ್ಕಿಂತ ನೆತ್ತಿ ಚಪ್ಪಟೆ. ಓದಲು ಬೇಸರ, ನಿಜ. ಆದರೆ ಎಲ್ಲ ನಿಂತಿರುವುದು ಆ ಪುಟಗಳ ಮೇಲೆ.

ಆ ಪುಟಗಳನ್ನು ಬರೆಯಲಾಗದಾಗ ಇನ್ನೊಂದು ಮರ್ಯಾದೆಯ ದಾರಿಯಿದೆ. ನೆತ್ತಿ ಮುರಿದಿದೆ, ತುಟಿ ಇಲ್ಲ, ಇರುವುದು ಒಂದೇ ಚಿಪ್ಪು ಎಂದಾದರೆ ಚೀಟಿಯ ಮೇಲೆ ಟರಿಟೆಲ್ಲಾ ಎಂದು ಕುಲದ ಹೆಸರು ಬರೆದು, ಮುಂದೆ ಎಸ್‌ಪಿ. ಎಂದಷ್ಟೇ ಹಾಕುತ್ತಾರೆ. ಯಾವುದೋ ಒಂದು ಪ್ರಭೇದ, ಇಷ್ಟೇ ಹೇಳಬಲ್ಲೆ ಎಂದರ್ಥ. ಚೀಟಿಯೊಡನೆ ಚಿಪ್ಪನ್ನು ಡಬ್ಬಿಯಲ್ಲಿಟ್ಟು, ಸಿಕ್ಕಿದ ಜಾಗ, ಪದರ, ದಿನಾಂಕ ಬರೆದು ಡ್ರಾಯರ್ ಮುಚ್ಚುತ್ತಾರೆ. ಮತ್ತೊಂದು ಮಳೆಗಾಲ ಕಳೆದು, ಅದೇ ಪದರದಲ್ಲಿ ನೆತ್ತಿ ಉಳಿದ ಇನ್ನೊಂದು ಚಿಪ್ಪು ಯಾರಿಗಾದರೂ ಸಿಕ್ಕುವವರೆಗೆ ಅದು ಅಲ್ಲೇ ಇರುತ್ತದೆ.