ಎಂಜಿನ್ ಒಂದು, ಆಟ ಹಲವು

ಮನೆಯ ಮಕ್ಕಳು ಕಂಪ್ಯೂಟರಿನ ಮುಂದೆ ಕುಳಿತು ವಿಡಿಯೋ ಆಟ ಆಡುವುದನ್ನು ನೀವು ಕಂಡಿರಬಹುದು. ಪರದೆಯ ಮೇಲಿನ ವೀರನು ಗೋಡೆ ಅಡ್ಡ ಬಂದರೆ ನಿಲ್ಲುತ್ತಾನೆ. ಎಸೆದ ಕಲ್ಲು ನೆಲಕ್ಕೆ ಬೀಳುತ್ತದೆ. ದೀಪವಿದ್ದಲ್ಲಿ ಬೆಳಕು, ಕಂಬದ ಹಿಂದೆ ನೆರಳು. ಇವಕ್ಕೆಲ್ಲ ಪ್ರತಿ ಆಟಕ್ಕೂ ಹೊಸದಾಗಿ ಲೆಕ್ಕ ಹೂಡಬೇಕೆ? ಬೇಕಿಲ್ಲ. ಎಲ್ಲ ಆಟಗಳಿಗೂ ಬೇಕಾಗುವ ಇಂಥ ಕೆಲಸಗಳನ್ನು ಮಾಡುವ ಆಜ್ಞೆಗಳನ್ನು ಒಮ್ಮೆ ಬರೆದು ಒಟ್ಟುಗೂಡಿಸಿಟ್ಟರೆ ಅದೇ ‘ಗೇಮ್ ಎಂಜಿನ್’. ಹೆಸರು ಎಂಜಿನ್ ಆದರೂ ಅದರಲ್ಲಿ ಕಬ್ಬಿಣವಿಲ್ಲ, ಬರಹವಷ್ಟೇ ಉಂಟು.

ಅಚ್ಚುಕೂಟವನ್ನು ನೆನೆಯಿರಿ. ಅವೇ ಮೊಳೆಗಳಿಂದ ಪಂಚಾಂಗವೂ ಅಚ್ಚಾಗುತ್ತದೆ, ಕಾದಂಬರಿಯೂ ಅಚ್ಚಾಗುತ್ತದೆ. ಎಂಜಿನ್ನಿಗೂ ಆಟಕ್ಕೂ ಇರುವ ಸಂಬಂಧ ಹೆಚ್ಚು ಕಡಿಮೆ ಇಂಥದೇ.

ಈ ಬೇರ್ಪಾಟನ್ನು ಸ್ಪಷ್ಟವಾಗಿ ತೋರಿಸಿಕೊಟ್ಟದ್ದು 1993ರ ಡಿಸೆಂಬರಿನಲ್ಲಿ ಅಮೆರಿಕದ ಇಡ್ ಸಾಫ್ಟ್‌ವೇರ್ ಸಂಸ್ಥೆ ಹೊರತಂದ ‘ಡೂಮ್’ ಎಂಬ ಆಟ. ಅದರ ಎಂಜಿನ್ನನ್ನು ಬರೆದ ಜಾನ್ ಕಾರ್ಮ್ಯಾಕ್, ಚಿತ್ರ, ಸದ್ದು, ನಕ್ಷೆಗಳನ್ನು ಬೇರೊಂದು ಕಡತದಲ್ಲಿ ಇರಿಸಿದರು. ಆದ್ದರಿಂದ ಆಡುವವರೇ ತಮಗೆ ಬೇಕಾದ ಹೊಸ ನಕ್ಷೆಗಳನ್ನು ಕಟ್ಟಿ ಸೇರಿಸುವುದು ಸಾಧ್ಯವಾಯಿತು. ಆದರೆ ಅದರೊಳಗಿನ ಕಲ್ಪನೆ ಲೆಕ್ಕದಿಂದ ಹುಟ್ಟಿದ್ದಲ್ಲ. ಆ ಗೆಳೆಯರು ಮೇಜಿನ ಸುತ್ತ ಕುಳಿತು ಆಡುತ್ತಿದ್ದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಕಥಾಕ್ರೀಡೆ, ‘ಏಲಿಯನ್ಸ್’ ಮತ್ತು ‘ಈವಿಲ್ ಡೆಡ್ 2’ ಚಲನಚಿತ್ರಗಳು, ಇವೇ ಅದಕ್ಕೆ ಪ್ರೇರಣೆ.

ಇದೇ ಸಂಸ್ಥೆ 1996ರಲ್ಲಿ ‘ಕ್ವೇಕ್’ ಎಂಬ ಆಟವನ್ನು ತಂದಿತು: ಕತ್ತಲೆಯ ಕೋಟೆಗಳು, ಅಲ್ಲಿ ವಿಕಾರ ಜೀವಿಗಳು. ವಾಲ್ವ್ ಎಂಬ ಹೊಸ ಸಂಸ್ಥೆಯವರು ಆ ಎಂಜಿನ್ನನ್ನು ಪರವಾನಗಿ ಪಡೆದು ತಂದು, ಬಹಳಷ್ಟು ತಿದ್ದಿ, 1998ರಲ್ಲಿ ‘ಹಾಫ್-ಲೈಫ್’ ಎಂಬ ಆಟವನ್ನು ರಚಿಸಿದರು. ಇಲ್ಲಿ ಕೋಟೆಯಿಲ್ಲ, ಕನ್ನಡಕ ಧರಿಸಿದ ವಿಜ್ಞಾನಿಯೊಬ್ಬ ಪ್ರಯೋಗಶಾಲೆಗೆ ಕೆಲಸಕ್ಕೆ ಹೊರಟಿದ್ದಾನೆ. ಮೊದಲ ಕೆಲವು ನಿಮಿಷ ಒಂದು ಗುಂಡೂ ಹಾರುವುದಿಲ್ಲ. ಆಡುವವನು ಬಂಡಿಯಲ್ಲಿ ಕುಳಿತು ಸುತ್ತಲೂ ನೋಡುತ್ತ ಸಾಗುತ್ತಾನೆ, ಅಷ್ಟೆ. ಸ್ಟೀಫನ್ ಕಿಂಗ್ ಬರೆದ ‘ದಿ ಮಿಸ್ಟ್’ ಕಥೆ ಇದಕ್ಕೆ ಸ್ಫೂರ್ತಿಗಳಲ್ಲೊಂದು. ಕಥೆ ಹೆಣೆದ ಮಾರ್ಕ್ ಲೇಡ್ಲಾ ಸ್ವತಃ ಕಾದಂಬರಿಕಾರರು. ಮೂಲ ಒಂದೇ ಎಂಜಿನ್ ಆದರೂ ಎರಡು ಲೋಕಗಳಿಗೆ ಎಷ್ಟು ಅಂತರ!

ಹಾಗಾದರೆ ಎಂಜಿನ್ನನ್ನು ಎರವಲು ತರುವುದರಲ್ಲಿ ತೊಡಕೇ ಇಲ್ಲವೆ? ಉಂಟು. ಪರರ ಮನೆಯಲ್ಲಿ ಬಾಡಿಗೆಗಿರುವವನಿಗೆ ಮಾಲೀಕನ ಮಾತು ಕೇಳದೆ ವಿಧಿಯಿಲ್ಲ. 2023ರ ಸೆಪ್ಟೆಂಬರಿನಲ್ಲಿ ಯೂನಿಟಿ ಎಂಬ ಎಂಜಿನ್ನಿನ ಒಡೆಯರು, ಗೊತ್ತಾದ ಮಿತಿಯನ್ನು ದಾಟಿದ ಆಟಗಳಿಗೆ ಪ್ರತಿ ಅಳವಡಿಕೆಗೂ ಶುಲ್ಕ ತೆರಬೇಕೆಂದು ಸಾರಿದರು. ವರ್ಷಗಟ್ಟಲೆ ದುಡಿದು ಆಟ ಕಟ್ಟಿದ್ದ ಸಣ್ಣ ತಂಡಗಳು ಕಂಗೆಟ್ಟವು. ವಿರೋಧ ಬಲವಾಗಿ, ಮೊದಲು ನಿಯಮ ಸಡಿಲವಾಯಿತು. 2024ರ ಸೆಪ್ಟೆಂಬರಿನಲ್ಲಿ ಅದು ರದ್ದಾಯಿತು. ಆದರೂ ಆ ದಿಗಿಲಿನಲ್ಲಿ ಹಲವರು, 2014ರಿಂದ ತನ್ನ ಮೂಲಬರಹವನ್ನು ಎಲ್ಲರಿಗೂ ತೆರೆದಿಟ್ಟಿರುವ ‘ಗೊಡೋ’ ಎಂಜಿನ್ನಿನತ್ತ ತಿರುಗಿದರು.

ಆಟ ರಚಿಸುವ ಹಂಬಲವುಳ್ಳ ಹುಡುಗನೋ ಹುಡುಗಿಯೋ ನಿಮ್ಮ ಮನೆಯಲ್ಲಿದ್ದರೆ, ಇಂಥ ಎಂಜಿನ್ ಕಾಸಿಲ್ಲದೆ ದೊರೆಯುತ್ತದೆ. ಷರತ್ತುಗಳನ್ನು ಮೊದಲು ಓದಿಕೊಂಡರೆ ಸಾಕು. ಆಟದೊಳಗೆ ಏನಿರಬೇಕೆಂಬುದು ಮಾತ್ರ ಯಾವ ಎಂಜಿನ್ನಿನಲ್ಲಿಯೂ ಸಿಕ್ಕದು. ಅದು ಓದಿದ ಪುಸ್ತಕ, ನೋಡಿದ ನಾಟಕ, ಅಜ್ಜಿಯಿಂದ ಕೇಳಿದ ಕಥೆಗಳಿಂದಲೇ ಬರಬೇಕು.