ಜನನಾಂಗದ ನರಹುಲಿ: ರೋಗಪತ್ತೆ ಮತ್ತು ಚಿಕಿತ್ಸೆಯ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ

ಜನನಾಂಗದ ಮೇಲೆ ಅಥವಾ ಗುದದ್ವಾರದ ಸುತ್ತ ಸಣ್ಣ ಗಂಟೊಂದು ಕಾಣಿಸಿಕೊಂಡಾಗ ಅನೇಕರು ಅದನ್ನು ಯಾರಿಗೂ ಹೇಳದೆ ತಿಂಗಳುಗಟ್ಟಲೆ ಮರೆಮಾಚುವುದುಂಟು. ಕೆಲವರು ಅದನ್ನು ಕ್ಯಾನ್ಸರ್ ಎಂದು ಭಾವಿಸಿ ಹೆದರುತ್ತಾರೆ. ಮತ್ತೆ ಕೆಲವರು ಸುಣ್ಣ, ಗೇರೆಣ್ಣೆ ಅಥವಾ ಆಮ್ಲವನ್ನು ಹಚ್ಚಿ ಚರ್ಮವನ್ನು ಸುಟ್ಟುಕೊಳ್ಳುತ್ತಾರೆ. ಅಂತಹ ಗಂಟು ನರಹುಲಿಯಾಗಿದ್ದಲ್ಲಿ, ಅದು ವೈದ್ಯರು ಸಾಮಾನ್ಯವಾಗಿ ಕಣ್ಣಿನಿಂದ ನೋಡಿಯೇ ಗುರುತಿಸಬಹುದಾದ ಮತ್ತು ಚಿಕಿತ್ಸೆಯಿಂದ ತೆಗೆಯಬಹುದಾದ ತೊಂದರೆಯಾಗಿರುತ್ತದೆ. ಆದರೆ ಅದು ನರಹುಲಿಯೇ ಹೌದೋ ಅಲ್ಲವೋ ಎಂಬುದನ್ನು ವೈದ್ಯರಿಂದಲೇ ತಿಳಿದುಕೊಳ್ಳತಕ್ಕದ್ದು.

ಕಾರಣ

ಈ ರೋಗವು ಹ್ಯೂಮನ್ ಪ್ಯಾಪಿಲೋಮಾ ವೈರಸ್ (ಎಚ್.ಪಿ.ವಿ.) ಎಂಬ ವೈರಾಣುವಿನಿಂದ ಉಂಟಾಗುತ್ತದೆ. ಇದರಲ್ಲಿ ನೂರಕ್ಕೂ ಹೆಚ್ಚು ಬಗೆಗಳಿವೆ. ಜನನಾಂಗದ ನರಹುಲಿಗಳ ಪೈಕಿ ಸುಮಾರು ಶೇ. 90ರಷ್ಟಕ್ಕೆ 6 ಮತ್ತು 11ನೇ ಬಗೆಗಳು ಕಾರಣವಾಗಿವೆ. ಗರ್ಭಕಂಠದ ಕ್ಯಾನ್ಸರ್‌ಗೆ ಮುಖ್ಯ ಕಾರಣವಾದ 16 ಮತ್ತು 18ನೇ ಬಗೆಗಳು ಬೇರೆ. ಆದುದರಿಂದ ನರಹುಲಿ ಎಂದರೆ ಕ್ಯಾನ್ಸರ್ ಅಲ್ಲ. ಆದರೂ ಒಬ್ಬರಲ್ಲಿಯೇ ಒಂದಕ್ಕಿಂತ ಹೆಚ್ಚು ಬಗೆಯ ವೈರಾಣುಗಳು ಇರಬಹುದಾದ್ದರಿಂದ, 30 ವರ್ಷ ಮೇಲ್ಪಟ್ಟ ಮಹಿಳೆಯರು ಗರ್ಭಕಂಠದ ತಪಾಸಣೆಯನ್ನು ತಪ್ಪದೆ ಮಾಡಿಸಿಕೊಳ್ಳಬೇಕು.

ಸೋಂಕು ಮುಖ್ಯವಾಗಿ ಲೈಂಗಿಕ ಸಂಪರ್ಕದ ವೇಳೆ ಚರ್ಮಕ್ಕೆ ಚರ್ಮ ತಗಲುವುದರಿಂದ ಹರಡುತ್ತದೆ.

ರೋಗ ಲಕ್ಷಣಗಳು

ನರಹುಲಿಗಳು ಚರ್ಮದ ಬಣ್ಣದ, ಕಂದು ಅಥವಾ ನಸುಗೆಂಪು ಬಣ್ಣದ ಗಂಟುಗಳಾಗಿ ಕಾಣಿಸುತ್ತವೆ. ಒಂದೇ ಇರಬಹುದು ಅಥವಾ ಹಲವು ಕೂಡಿ ಹೂಕೋಸಿನಂತೆ ಬೆಳೆಯಬಹುದು. ಸಾಮಾನ್ಯವಾಗಿ ನೋವು ಇರುವುದಿಲ್ಲ. ಕೆಲವರಲ್ಲಿ ತುರಿಕೆ, ಉರಿ ಅಥವಾ ರಕ್ತಸ್ರಾವ ಕಂಡುಬರುತ್ತದೆ.

ರೋಗಪತ್ತೆ ಹೇಗೆ?

ವೈದ್ಯರು ಸಾಕಷ್ಟು ಬೆಳಕಿನಲ್ಲಿ ಗಂಟನ್ನು ಪರೀಕ್ಷಿಸಿ ರೋಗವನ್ನು ಗುರುತಿಸುತ್ತಾರೆ. ನರಹುಲಿಯನ್ನು ಪತ್ತೆ ಮಾಡಲು ಎಚ್.ಪಿ.ವಿ. ಪರೀಕ್ಷೆಯ ಅಗತ್ಯವಿರುವುದಿಲ್ಲ. ಗಂಟು ಗಟ್ಟಿಯಾಗಿದ್ದಲ್ಲಿ, ಹುಣ್ಣಾಗಿದ್ದಲ್ಲಿ, ಕಪ್ಪಾಗಿದ್ದಲ್ಲಿ, ರಕ್ತ ಸುರಿಯುತ್ತಿದ್ದಲ್ಲಿ ಅಥವಾ ಚಿಕಿತ್ಸೆಗೆ ಬಗ್ಗದಿದ್ದಲ್ಲಿ ಅದರ ಚಿಕ್ಕ ತುಣುಕನ್ನು ತೆಗೆದು ಪ್ರಯೋಗಾಲಯಕ್ಕೆ ಕಳುಹಿಸಲಾಗುತ್ತದೆ. ಇದಕ್ಕೆ ಬಯಾಪ್ಸಿ ಎನ್ನುತ್ತಾರೆ.

ಎಲ್ಲ ಗಂಟುಗಳೂ ನರಹುಲಿಗಳಲ್ಲ. ಪುರುಷರ ಶಿಶ್ನದ ತುದಿಯ ಸುತ್ತ ಸಾಲಾಗಿರುವ ಮುತ್ತಿನಂತಹ ಸಣ್ಣ ಬೊಕ್ಕೆಗಳು ಸಹಜವಾದವು. ಅವುಗಳಿಗೆ ಚಿಕಿತ್ಸೆ ಬೇಕಿಲ್ಲ. ಸಿಫಿಲಿಸ್ ರೋಗದ ಎರಡನೇ ಹಂತದಲ್ಲಿಯೂ ನರಹುಲಿಯನ್ನು ಹೋಲುವ ಚಪ್ಪಟೆ, ತೇವಭರಿತ ಗಂಟುಗಳು ಏಳುತ್ತವೆ. ಸಿಫಿಲಿಸ್ ಪೆನಿಸಿಲಿನ್ ಚುಚ್ಚುಮದ್ದಿನಿಂದ ಗುಣವಾಗುವ ರೋಗ. ಆದರೆ ಅದನ್ನು ನರಹುಲಿ ಎಂದು ತಿಳಿದು ನಿರ್ಲಕ್ಷಿಸಿದಲ್ಲಿ ವರ್ಷಗಳ ನಂತರ ಹೃದಯ ಮತ್ತು ಮಿದುಳಿಗೆ ಹಾನಿಯಾಗಬಹುದು. ಈ ಕಾರಣದಿಂದ ವೈದ್ಯರು ಸಿಫಿಲಿಸ್ ಮತ್ತು ಎಚ್.ಐ.ವಿ. ರಕ್ತಪರೀಕ್ಷೆಗಳನ್ನು ಮಾಡಿಸಿಕೊಳ್ಳಲು ಸಲಹೆ ನೀಡುತ್ತಾರೆ. ಇದನ್ನು ಅನುಮಾನವೆಂದು ಭಾವಿಸಬಾರದು.

ಚಿಕಿತ್ಸಾ ವಿಧಾನಗಳು

ಗಂಟುಗಳ ಸಂಖ್ಯೆ, ಗಾತ್ರ ಮತ್ತು ಜಾಗವನ್ನು ನೋಡಿ ವೈದ್ಯರು ಈ ಕೆಳಗಿನವುಗಳಲ್ಲಿ ಸೂಕ್ತವಾದುದನ್ನು ಆರಿಸುತ್ತಾರೆ.

1. ಮನೆಯಲ್ಲಿ ಹಚ್ಚಿಕೊಳ್ಳುವ ಔಷಧಿಗಳು: ಪೊಡೊಫೈಲೊಟಾಕ್ಸಿನ್ ಅಥವಾ ಇಮಿಕ್ವಿಮೋಡ್. ವೈದ್ಯರು ಬರೆದುಕೊಟ್ಟ ಪ್ರಮಾಣ ಮತ್ತು ದಿನಗಳನ್ನು ಮೀರಬಾರದು. ಬೇಗ ಗುಣವಾಗಲೆಂದು ಹೆಚ್ಚು ಹಚ್ಚಿದಲ್ಲಿ ಹುಣ್ಣಾಗುತ್ತದೆ.
2. ಆಸ್ಪತ್ರೆಯಲ್ಲಿ ಹಚ್ಚುವ ಔಷಧಿ: ಟ್ರೈಕ್ಲೋರೋಅಸಿಟಿಕ್ ಆಮ್ಲ. ಇದನ್ನು ತರಬೇತಿ ಪಡೆದವರು ಮಾತ್ರ ಹಚ್ಚತಕ್ಕದ್ದು.
3. ಶೀತ ಚಿಕಿತ್ಸೆ: ದ್ರವ ಸಾರಜನಕದಿಂದ ಗಂಟನ್ನು ಹೆಪ್ಪುಗಟ್ಟಿಸುವುದು.
4. ಸ್ಥಳೀಯ ಅರಿವಳಿಕೆ ನೀಡಿ ವಿದ್ಯುತ್ ಶಾಖದಿಂದ ಸುಡುವುದು ಅಥವಾ ಶಸ್ತ್ರಚಿಕಿತ್ಸೆಯಿಂದ ಕತ್ತರಿಸಿ ತೆಗೆಯುವುದು.

ಕೈಕಾಲುಗಳ ನರಹುಲಿಗೆ ಅಂಗಡಿಯಲ್ಲಿ ದೊರೆಯುವ ಔಷಧಿಯನ್ನು ಜನನಾಂಗಕ್ಕೆ ಎಂದಿಗೂ ಬಳಸಬಾರದು.

ಚಿಕಿತ್ಸೆಯು ಗಂಟನ್ನು ತೆಗೆಯುತ್ತದೆಯೇ ಹೊರತು ಚರ್ಮದೊಳಗಿನ ವೈರಾಣುವನ್ನು ಪೂರ್ಣವಾಗಿ ನಾಶಮಾಡುವುದಿಲ್ಲ. ಆದುದರಿಂದ ಮೊದಲ ಮೂರು ತಿಂಗಳಲ್ಲಿ ನರಹುಲಿ ಮರುಕಳಿಸುವುದು ಸಾಮಾನ್ಯ. ಹೀಗಾದಲ್ಲಿ ಚಿಕಿತ್ಸೆ ವಿಫಲವಾಯಿತೆಂದು ನಿರಾಶರಾಗದೆ ಮತ್ತೆ ಆಸ್ಪತ್ರೆಗೆ ಬರಬೇಕು. ಬಹುತೇಕರಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಕಾಲಕ್ರಮೇಣ ವೈರಾಣುವನ್ನು ಹತೋಟಿಗೆ ತರುತ್ತದೆ.

ಪತಿ-ಪತ್ನಿಯರ ಗಮನಕ್ಕೆ

ಸೋಂಕು ತಗಲಿದ ಕೆಲವು ವಾರಗಳಲ್ಲಿ ನರಹುಲಿ ಕಾಣಿಸಬಹುದು. ತಿಂಗಳುಗಳು ಅಥವಾ ವರ್ಷಗಳೇ ಕಳೆಯಬಹುದು. ಸೋಂಕಿದ್ದರೂ ಅನೇಕರಲ್ಲಿ ಗಂಟುಗಳು ಕಾಣಿಸುವುದೇ ಇಲ್ಲ. ಸೋಂಕು ಯಾವಾಗ, ಯಾರಿಂದ ಬಂದಿತೆಂದು ತಿಳಿಸುವ ಪರೀಕ್ಷೆ ಯಾವುದೂ ಇಲ್ಲ. ಆದುದರಿಂದ ವಿವಾಹವಾಗಿ ಹಲವು ವರ್ಷಗಳಾದ ಮೇಲೆ ಒಬ್ಬರಲ್ಲಿ ನರಹುಲಿ ಕಂಡ ಮಾತ್ರಕ್ಕೆ ಅದು ದಾಂಪತ್ಯದ್ರೋಹಕ್ಕೆ ಸಾಕ್ಷಿಯಾಗುವುದಿಲ್ಲ. ಪರಸ್ಪರ ದೂಷಣೆಗೆ ಇಳಿಯದೆ ಇಬ್ಬರೂ ಒಟ್ಟಿಗೆ ವೈದ್ಯರನ್ನು ಕಾಣುವುದು ಒಳಿತು. ಗಂಟುಗಳು ವಾಸಿಯಾಗುವವರೆಗೆ ಲೈಂಗಿಕ ಸಂಪರ್ಕದಿಂದ ದೂರವಿರಬೇಕು.

ಗರ್ಭಿಣಿಯರು ಮತ್ತು ಮಕ್ಕಳು

ಗರ್ಭಿಣಿಯರಲ್ಲಿ ನರಹುಲಿಗಳು ವೇಗವಾಗಿ ಬೆಳೆಯಬಹುದು. ಪೊಡೊಫೈಲೊಟಾಕ್ಸಿನ್ ಔಷಧಿಯನ್ನು ಗರ್ಭಿಣಿಯರು ಬಳಸಬಾರದು. ಇಮಿಕ್ವಿಮೋಡ್ ಕೂಡ ಸಾಮಾನ್ಯವಾಗಿ ನೀಡುವುದಿಲ್ಲ. ಶೀತ ಚಿಕಿತ್ಸೆ ಮುಂತಾದ ಸುರಕ್ಷಿತ ವಿಧಾನಗಳಿವೆ. ಚಿಕಿತ್ಸೆಗೆ ಮೊದಲು ಗರ್ಭಧಾರಣೆಯ ವಿಷಯವನ್ನು ವೈದ್ಯರಿಗೆ ತಿಳಿಸತಕ್ಕದ್ದು. ನರಹುಲಿ ಇದೆ ಎಂಬ ಒಂದೇ ಕಾರಣಕ್ಕೆ ಸಿಸೇರಿಯನ್ ಹೆರಿಗೆಯ ಅಗತ್ಯವಿಲ್ಲ.

ಮಕ್ಕಳ ಜನನಾಂಗದಲ್ಲಿ ನರಹುಲಿ ಕಂಡುಬಂದಲ್ಲಿ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಹೆರಿಗೆಯ ವೇಳೆ ತಾಯಿಯಿಂದ ಸೋಂಕು ಬಂದಿರಬಹುದು. ಆದರೆ ಲೈಂಗಿಕ ದೌರ್ಜನ್ಯದ ಸಾಧ್ಯತೆಯನ್ನೂ ಪರಿಶೀಲಿಸಬೇಕಾಗುತ್ತದೆ. ಇದಕ್ಕೆ ಮಕ್ಕಳ ಸಹಾಯವಾಣಿ 1098ರ ನೆರವು ಪಡೆಯಬಹುದು.

ತಡೆಗಟ್ಟುವಿಕೆ

ಕಾಂಡೋಮ್ ಬಳಕೆಯಿಂದ ಸೋಂಕಿನ ಅಪಾಯ ಕಡಿಮೆಯಾಗುತ್ತದೆ. ಆದರೆ ಅದು ಮುಚ್ಚದ ಚರ್ಮದಿಂದಲೂ ಸೋಂಕು ಹರಡಬಹುದಾದ್ದರಿಂದ ಪೂರ್ಣ ರಕ್ಷಣೆ ದೊರೆಯುವುದಿಲ್ಲ. 6, 11, 16 ಮತ್ತು 18ನೇ ಬಗೆಗಳ ವಿರುದ್ಧ ರಕ್ಷಣೆ ನೀಡುವ ಲಸಿಕೆ ಲಭ್ಯವಿದೆ. ಭಾರತದಲ್ಲಿಯೇ ತಯಾರಾದ ಇಂತಹ ಲಸಿಕೆಗೆ 2022ರಲ್ಲಿ ಅನುಮತಿ ದೊರೆತಿದೆ. ಲೈಂಗಿಕ ಜೀವನ ಆರಂಭವಾಗುವ ಮೊದಲೇ ನೀಡಿದಲ್ಲಿ ಇದು ಹೆಚ್ಚು ಪರಿಣಾಮಕಾರಿ. ಈಗಾಗಲೇ ಇರುವ ನರಹುಲಿಯನ್ನು ಲಸಿಕೆಯು ಗುಣಪಡಿಸುವುದಿಲ್ಲ.

ಸೇವೆ ಪಡೆಯುವುದು ಹೇಗೆ?

ಸರ್ಕಾರಿ ಜಿಲ್ಲಾ ಆಸ್ಪತ್ರೆ ಅಥವಾ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಹೊರರೋಗಿ ಚೀಟಿ ಪಡೆದು ಚರ್ಮ ಮತ್ತು ಲೈಂಗಿಕ ರೋಗಗಳ ವಿಭಾಗಕ್ಕೆ ತೆರಳಬೇಕು. ಮಹಿಳೆಯರು ಸ್ತ್ರೀರೋಗ ವಿಭಾಗದಲ್ಲಿಯೂ ತೋರಿಸಿಕೊಳ್ಳಬಹುದು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಅಡಿಯಲ್ಲಿರುವ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಲೈಂಗಿಕ ಸೋಂಕುಗಳ ಬಗ್ಗೆ ಉಚಿತ ಆಪ್ತಸಮಾಲೋಚನೆ ದೊರೆಯುತ್ತದೆ. ಚೀಟಿ ನೀಡುವ ಸ್ಥಳದಲ್ಲಿ ರೋಗದ ವಿವರ ಹೇಳಬೇಕಾಗಿಲ್ಲ. ವಿಭಾಗದ ಹೆಸರು ಹೇಳಿದರೆ ಸಾಕು. ಎಚ್.ಐ.ವಿ. ಪರೀಕ್ಷೆಯನ್ನು ವ್ಯಕ್ತಿಯ ಒಪ್ಪಿಗೆ ಪಡೆದೇ ನಡೆಸಬೇಕೆಂದು 2017ರ ಎಚ್.ಐ.ವಿ. ಮತ್ತು ಏಡ್ಸ್ ಕಾಯ್ದೆಯು ವಿಧಿಸಿದೆ. ಹೆಚ್ಚಿನ ಮಾಹಿತಿಗೆ ಉಚಿತ ಸಹಾಯವಾಣಿ 1097ಕ್ಕೆ ಕರೆ ಮಾಡಬಹುದು.

ಸಂಕೋಚದಿಂದ ತಡಮಾಡದೆ, ಗಂಟು ಚಿಕ್ಕದಿರುವಾಗಲೇ ತಪಾಸಣೆಗೆ ಬರಬೇಕೆಂದು ಸಾರ್ವಜನಿಕರಲ್ಲಿ ವಿನಂತಿ.

ಸೂಚನೆ: ಈ ಮಾಹಿತಿಯು ತಿಳಿವಳಿಕೆಗಾಗಿ ಮಾತ್ರ. ಇದು ವೈದ್ಯರ ಸಲಹೆಗೆ ಬದಲಿಯಲ್ಲ.